ಹಳೆಯ ಟ್ರಾಕ್ಟರಿನ ವಿದ್ಯುತ್ ದೋಷಗಳು: ಅವುಗಳ ಪರೀಕ್ಷೆ ಮತ್ತು ಪರಿಹಾರ

ನಮ್ಮ ಗ್ರಾಮಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ದುಡಿಯುತ್ತಿರುವ ಟ್ರಾಕ್ಟರುಗಳು ಅನೇಕವಾಗಿವೆ. ಪಿಂಜೋರಿನ ಹೆಚ್.ಎಂ.ಟಿ. ಕಾರ್ಖಾನೆಯು 1971ರಲ್ಲಿ ಟ್ರಾಕ್ಟರುಗಳ ತಯಾರಿಕೆಯನ್ನು ಪ್ರಾರಂಭಿಸಿತು. ಆ ತಯಾರಿಕೆಯು ನಿಂತುಹೋಗಿದ್ದರೂ ಅಲ್ಲಿಂದ ಹೊರಬಂದ ಯಂತ್ರಗಳು ಇಂದಿಗೂ ಹೊಲಗಳಲ್ಲಿ ಉಳುತ್ತಿರುವುದುಂಟು. ಇಂಥ ಟ್ರಾಕ್ಟರಿನ ಇಂಜಿನ್, ಗೇರು, ಟಯರು ಮೊದಲಾದ ಭಾಗಗಳ ವಿಷಯದಲ್ಲಿ ಯಜಮಾನರು ತಕ್ಕಷ್ಟು ಎಚ್ಚರಿಕೆಯನ್ನು ವಹಿಸುವರು. ವಿದ್ಯುತ್ತಿಗೆ ಸಂಬಂಧಪಟ್ಟ ಭಾಗಗಳನ್ನು ಮಾತ್ರ ಅಲಕ್ಷ್ಯ ಮಾಡುವುದು ವಾಡಿಕೆಯಾಗಿದೆ.

ಇದಕ್ಕೆ ಕಾರಣವು ಡೀಸೆಲ್ ಇಂಜಿನ್ನಿನ ಗುಣದಲ್ಲಿಯೇ ಇದೆ. ಪೆಟ್ರೋಲ್ ಇಂಜಿನ್ ವಿದ್ಯುತ್ತಿನ ಕಿಡಿಯಿಲ್ಲದೆ ನಡೆಯದು. ಡೀಸೆಲ್ ಇಂಜಿನ್ನಿನಲ್ಲಿಯಾದರೋ ಗಾಳಿಯು ಬಲವಾಗಿ ಒತ್ತಲ್ಪಟ್ಟು ಕಾದು, ಆ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಹಳೆಯ ಟ್ರಾಕ್ಟರುಗಳಲ್ಲಿ ಇಂಜಿನ್ನನ್ನು ನಿಲ್ಲಿಸುವುದಕ್ಕೂ ಕೈಯಿಂದ ಎಳೆಯುವ ಸರಿಗೆಯೇ ಸಾಕು. ಆದುದರಿಂದ ಬ್ಯಾಟರಿಯು ಪೂರ್ಣವಾಗಿ ಕೆಟ್ಟಿದ್ದರೂ ಇಳಿಜಾರಿನಲ್ಲಿ ನೂಕಿ ಹೊರಡಿಸಿದ ಟ್ರಾಕ್ಟರು ದಿನವೆಲ್ಲ ಉಳುವುದು. ಉಳುಮೆಯು ನಡೆಯುತ್ತಿರುವ ತನಕ ದೋಷವು ಯಾರ ಮನಸ್ಸಿಗೂ ಬಾರದು. ಅದು ಹೊರಬೀಳುವುದು ಕಬ್ಬಿನ ಕಾಲದಲ್ಲಿ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಸೀಮೆಗಳಲ್ಲಿ ಕಬ್ಬು ತುಂಬಿದ ಟ್ರೇಲರುಗಳನ್ನು ಕಟ್ಟಿಕೊಂಡು ರಾತ್ರಿಯ ವೇಳೆ ಕಾರ್ಖಾನೆಯ ದಾರಿ ಹಿಡಿಯುವ ಟ್ರಾಕ್ಟರಿಗೆ ಹಿಂದಿನ ಕೆಂಪು ದೀಪವಿಲ್ಲದಿದ್ದರೆ, ಆ ಹೊರೆಯು ಹಿಂದಿನಿಂದ ಬರುವ ಮೋಟಾರು ಸೈಕಲ್ಲಿನವನಿಗೆ ತೀರ ಹತ್ತಿರವಾಗುವ ತನಕ ಕಾಣುವುದಿಲ್ಲ. ಹೊಲದಲ್ಲಿ ಅಲ್ಪವೆಂದು ಬಿಟ್ಟ ದೋಷಕ್ಕೆ ಹೆದ್ದಾರಿಯಲ್ಲಿ ಮತ್ತೊಬ್ಬನ ಪ್ರಾಣವು ಬೆಲೆಯಾಗಿ ಹೋಗುವುದು.

ಎರಡನೆಯ ನಷ್ಟವು ಹಣದ್ದು. ಟ್ರಾಕ್ಟರು ಹೊರಡದಿದ್ದರೆ ಮೊದಲು ಬ್ಯಾಟರಿಯನ್ನೂ, ಅದರಿಂದ ಗುಣ ಕಾಣದಿದ್ದರೆ ಸೆಲ್ಫ್ ಮೋಟಾರನ್ನೂ, ಆಮೇಲೆ ಡೈನಮೋವನ್ನೂ ಬದಲಾಯಿಸುವವರುಂಟು. ಇಷ್ಟು ವೆಚ್ಚವಾದ ಮೇಲೆ ದೋಷವು ಕಿಲುಬು ಹಿಡಿದ ಒಂದು ಜೋಡಣೆಯಲ್ಲಿತ್ತೆಂದು ತಿಳಿಯಬರುವುದು. ಹಳೆಯ ವಾಹನಗಳಲ್ಲಿ ಯಂತ್ರಭಾಗಗಳಿಗಿಂತ ತಂತಿಗಳು ಕೂಡುವ ಸ್ಥಳಗಳೇ ಮೊದಲು ಕೆಡುವುವು. ಆದುದರಿಂದ ಮೊದಲು ಅಳೆಯುವುದು, ಅನಂತರ ಬಿಚ್ಚುವುದು, ಕಟ್ಟಕಡೆಗೆ ಕೊಳ್ಳುವುದು, ಈ ಕ್ರಮವನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶವಾಗಿದೆ.

1. ವಿದ್ಯುತ್ತು ಹರಿಯುವ ಮಾರ್ಗ

ಕೆರೆಯ ನೀರಾವರಿಯನ್ನು ಬಲ್ಲವರಿಗೆ ವಿದ್ಯುತ್ತಿನ ನಡತೆಯನ್ನು ತಿಳಿಯುವುದು ಕಷ್ಟವಲ್ಲ. ಕೆರೆಯಲ್ಲಿ ನಿಂತಿರುವ ನೀರಿನ ಎತ್ತರಕ್ಕೆ ಸಮಾನವಾದುದು ವೋಲ್ಟ್. ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣಕ್ಕೆ ಸಮಾನವಾದುದು ಆಂಪಿಯರ್. ಹರಿವನ್ನು ತಡೆಯುವ ಹೂಳು ಮತ್ತು ಜೊಂಡಿಗೆ ಸಮಾನವಾದುದು ತಡೆ, ಅದನ್ನು ಓಮ್ ಎಂಬ ಮಾನದಿಂದ ಅಳೆಯುವರು. ಆದರೆ ಒಂದು ವ್ಯತ್ಯಾಸವುಂಟು. ನೀರು ಗದ್ದೆಯನ್ನು ಸೇರಿದರೆ ಅದರ ಕೆಲಸ ಮುಗಿಯಿತು. ವಿದ್ಯುತ್ತಾದರೋ ಹೊರಟ ಸ್ಥಳಕ್ಕೆ ಹಿಂದಿರುಗಲೇಬೇಕು. ಹಿಂದಿರುಗುವ ಹಾದಿಯು ಕಡಿದಿದ್ದರೆ ಹೊರಡುವುದೂ ಇಲ್ಲ.

ಟ್ರಾಕ್ಟರಿನಲ್ಲಿ ದೀಪಕ್ಕೆ ಹೋಗುವ ತಂತಿಯು ಸಾಮಾನ್ಯವಾಗಿ ಒಂದೇ. ಹಿಂದಿರುಗುವ ಹಾದಿಯು ಟ್ರಾಕ್ಟರಿನ ಕಬ್ಬಿಣದ ಒಡಲೇ ಆಗಿರುವುದು. ಈ ಒಡಲನ್ನು ಬ್ಯಾಟರಿಗೆ ಕೂಡಿಸುವ ದಪ್ಪನಾದ ತಂತಿಗೆ ಅರ್ಥಿಂಗ್ ತಂತಿಯೆಂದು ಹೆಸರು. ಹೋಗುವ ತಂತಿಯನ್ನು ಎಲ್ಲರೂ ನೋಡುವರು. ಬರುವ ಹಾದಿಯನ್ನು ನೋಡುವವರು ವಿರಳ. ತುಕ್ಕು, ಬಣ್ಣ, ಕೆಸರು, ಗ್ರೀಸು ಇವೆಲ್ಲ ಸೇರುವುದು ಆ ಹಾದಿಯಲ್ಲಿಯೇ.

ಜರ್ಮನಿಯ ಓಮ್ ಎಂಬ ವಿಜ್ಞಾನಿಯು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಹರಿಯುವ ಆಂಪಿಯರುಗಳನ್ನು ತಡೆಯಿಂದ ಗುಣಿಸಿದರೆ ಆ ಸ್ಥಳದಲ್ಲಿ ನಷ್ಟವಾಗುವ ವೋಲ್ಟುಗಳು ದೊರೆಯುವುವು. ಸೆಲ್ಫ್ ಮೋಟಾರು ಇಂಜಿನ್ನನ್ನು ತಿರುಗಿಸುವಾಗ 200 ಆಂಪಿಯರುಗಳನ್ನು ಎಳೆಯುವುದೆಂದು ಇಟ್ಟುಕೊಳ್ಳೋಣ. ಜೋಡಣೆಯಲ್ಲಿ ಒಂದು ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆಯಿದ್ದರೂ 2 ವೋಲ್ಟುಗಳು ಅಲ್ಲಿಯೇ ನಷ್ಟವಾಗುವುವು. ಅದೇ ಜೋಡಣೆಯ ಮೂಲಕ 5 ವಾಟಿನ ಹಿಂದಿನ ದೀಪವು ಅರ್ಧ ಆಂಪಿಯರಿಗೂ ಕಡಿಮೆ ಎಳೆಯುವುದರಿಂದ, ಆಗುವ ನಷ್ಟವು ಒಂದು ವೋಲ್ಟಿನ ಇನ್ನೂರರಲ್ಲೊಂದು ಪಾಲನ್ನೂ ಮುಟ್ಟದು. ಆದುದರಿಂದ “ದೀಪವು ಉರಿಯುತ್ತಿದೆ, ತಂತಿಗಳೆಲ್ಲ ಸರಿಯಾಗಿವೆ” ಎಂದು ನಿರ್ಧರಿಸುವುದು ಸರಿಯಲ್ಲ. ಹೊರೆಯು ಬಿದ್ದಾಗಲೇ ಜೋಡಣೆಯ ಯೋಗ್ಯತೆ ತಿಳಿಯುವುದು. ಮುಂದೆ ಹೇಳುವ ಪರೀಕ್ಷೆಗಳಿಗೆಲ್ಲ ಇದೇ ಆಧಾರ.

2. ಸಲಕರಣೆಗಳು ಮತ್ತು ಎಚ್ಚರಿಕೆಗಳು

ಬೇಕಾದ ಸಲಕರಣೆಗಳು ಸ್ವಲ್ಪವೇ: ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರ್ ಒಂದು, 12 ವೋಲ್ಟಿನ ಬಲ್ಬಿಗೆ ಎರಡು ತಂತಿಗಳನ್ನು ಬೆಸೆದು ಮಾಡಿದ ಪರೀಕ್ಷೆಯ ದೀಪ ಒಂದು, ತಕ್ಕ ಅಳತೆಯ ಪಾನಾಗಳು, ಉಜ್ಜುಕಾಗದ, ಅಡಿಗೆ ಸೋಡಾ, ವ್ಯಾಸಲೀನ್.

ಕೆಲಸಕ್ಕೆ ಕೈ ಹಾಕುವ ಮೊದಲು ಈ ಎಚ್ಚರಿಕೆಗಳನ್ನು ತಪ್ಪದೆ ಪಾಲಿಸತಕ್ಕದ್ದು.

(ಅ) ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಬ್ರೇಕನ್ನು ಬಿಗಿದು, ಚಕ್ರಗಳಿಗೆ ಕಲ್ಲು ಕೊಡಬೇಕು.

(ಆ) ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲವು ಹೊರಡುವುದು; ಅದು ಕಿಡಿ ಸೋಕಿದರೆ ಸಿಡಿಯುವುದು. ಸಮೀಪದಲ್ಲಿ ಬೀಡಿ ಸೇದುವುದಾಗಲಿ ಕಡ್ಡಿ ಗೀರಿ ನೋಡುವುದಾಗಲಿ ಕೂಡದು.

(ಇ) ಬ್ಯಾಟರಿಯನ್ನು ಬಿಚ್ಚುವಾಗ ಅರ್ಥಿಂಗ್ ತಂತಿಯನ್ನು ಮೊದಲು ತೆಗೆಯಬೇಕು. ಕೂಡಿಸುವಾಗ ಅದನ್ನೇ ಕಡೆಯಲ್ಲಿ ಕೂಡಿಸಬೇಕು. ಹೀಗೆ ಮಾಡಿದರೆ ಪಾನಾವು ಅಕಸ್ಮಾತ್ತಾಗಿ ಕಬ್ಬಿಣದ ಒಡಲಿಗೆ ತಗುಲಿದರೂ ಕಿಡಿ ಹಾರದು.

(ಈ) ಬ್ಯಾಟರಿಯ ಆಮ್ಲವು ಮೈಗೆ ಅಥವಾ ಕಣ್ಣಿಗೆ ತಗುಲಿದರೆ ತಡಮಾಡದೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು.

(ಉ) ಕೀಲಿಯಿಂದ ಹೊರಡದ ಟ್ರಾಕ್ಟರನ್ನು, ಚಕ್ರಗಳ ನಡುವೆ ನಿಂತು ಸೆಲ್ಫಿನ ಎರಡು ಮೊಳೆಗಳಿಗೆ ಸ್ಕ್ರೂ ಡ್ರೈವರನ್ನು ಅಡ್ಡ ಹಿಡಿದು ಹೊರಡಿಸುವ ಅಭ್ಯಾಸವು ಕೆಲವೆಡೆ ಇದೆ. ಇದು ಪ್ರಾಣಾಪಾಯದ ಕೆಲಸ. ಗೇರಿನಲ್ಲಿದ್ದಾಗ ಸೆಲ್ಫ್ ತಿರುಗದಂತೆ ತಡೆಯುವ ಸ್ವಿಚ್ಚು ಇದ್ದರೆ, ಈ ಉಪಾಯದಿಂದ ಅದೂ ವ್ಯರ್ಥವಾಗುವುದು. ಟ್ರಾಕ್ಟರು ಗೇರಿನಲ್ಲಿದ್ದರೆ ಕೂಡಲೇ ಮುಂದಕ್ಕೆ ನುಗ್ಗಿ ನಿಂತವನ ಮೇಲೆಯೇ ಹಾಯುವುದು. ಯಜಮಾನರು ಇದನ್ನು ತಮ್ಮ ಆಳುಗಳಿಗೂ ಮಕ್ಕಳಿಗೂ ಕಟ್ಟುನಿಟ್ಟಾಗಿ ನಿಷೇಧಿಸಬೇಕು.

3. ಬ್ಯಾಟರಿಯ ಪರೀಕ್ಷೆ

ಯಾವ ದೋಷವೇ ಇರಲಿ, ಪರೀಕ್ಷೆಯು ಬ್ಯಾಟರಿಯಿಂದಲೇ ಪ್ರಾರಂಭವಾಗಬೇಕು. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಮನೆಗಳಿದ್ದು, ಚಾರ್ಜ್ ತುಂಬಿರುವಾಗ ಒಂದೊಂದು ಮನೆಯೂ ಸುಮಾರು 2.1 ವೋಲ್ಟುಗಳನ್ನು ಕೊಡುವುದು. ಇಂಜಿನ್ನನ್ನು ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ, ವಿಶೇಷವಾಗಿ ಬೆಳಗ್ಗೆ ಹೊರಡಿಸುವ ಮೊದಲು, ಎರಡು ಧ್ರುವಗಳ ನಡುವೆ ಅಳೆಯಬೇಕು. 12.6 ವೋಲ್ಟುಗಳು ಅಥವಾ ಹೆಚ್ಚು ಬಂದರೆ ಬ್ಯಾಟರಿಯು ತುಂಬಿದೆ; 12.4 ಬಂದರೆ ಸುಮಾರು ಮುಕ್ಕಾಲು ಪಾಲು, 12.2 ಬಂದರೆ ಸುಮಾರು ಅರ್ಧ. 12ಕ್ಕಿಂತ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆಯೆಂದು ತಿಳಿಯಬೇಕು. ಬರಿದಾದುದೆಲ್ಲವೂ ಕೆಟ್ಟುದಲ್ಲ. ಮೊದಲು ಹೊರಗಿನ ಚಾರ್ಜರಿನಿಂದ ಪೂರ್ಣವಾಗಿ ತುಂಬಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮತ್ತೆ ಅಳೆಯಬೇಕು.

ಮುಚ್ಚಳಗಳಿರುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು. ತುಂಬಿದ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1.250ರಿಂದ 1.280ರವರೆಗೆ ತೋರುವುದು. ಐದು ಮನೆಗಳು ಸಮವಾಗಿದ್ದು, ಚಾರ್ಜ್ ಮಾಡಿದ ಮೇಲೂ ಒಂದು ಮನೆಯು ಮಾತ್ರ 0.050ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಮನೆಯು ಕೆಟ್ಟಿದೆ. ಅಂಥ ಬ್ಯಾಟರಿಯನ್ನು ಬದಲಾಯಿಸುವುದೇ ಲೇಸು.

ಫಲಕಗಳು ಯಾವಾಗಲೂ ದ್ರವದಲ್ಲಿ ಮುಳುಗಿರಬೇಕು. ಕಡಿಮೆಯಾದರೆ ಡಿಸ್ಟಿಲ್ಡ್ ನೀರನ್ನೇ ಹಾಕತಕ್ಕದ್ದು. ಕೊಳವೆಬಾವಿಯ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಕೆಡಿಸುವುವು. ಬತ್ತುವುದು ನೀರೇ ಹೊರತು ಆಮ್ಲವಲ್ಲವಾದುದರಿಂದ ಆಮ್ಲವನ್ನು ಸುರಿಯಲಾಗದು. ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಗಟ್ಟಿಯಾದ ಸಲ್ಫೇಟ್ ಪದರವು ಕಟ್ಟಿ, ಅನಂತರ ಚಾರ್ಜ್ ಹಿಡಿಯುವ ಶಕ್ತಿಯು ಕುಗ್ಗುವುದು. ಬಿತ್ತನೆಗೂ ಕೊಯ್ಲಿಗೂ ನಡುವೆ ಟ್ರಾಕ್ಟರನ್ನು ಮೂಲೆಯಲ್ಲಿ ನಿಲ್ಲಿಸುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಧ್ರುವಗಳ ಮೇಲೆ ಬೆಳೆದಿರುವ ಬಿಳಿ ಅಥವಾ ಹಸಿರು ಬಣ್ಣದ ಕಿಲುಬನ್ನು ಸೋಡಾ ಕರಗಿಸಿದ ನೀರಿನಿಂದ ತೊಳೆದು, ಧ್ರುವವನ್ನೂ ಅದನ್ನು ಹಿಡಿಯುವ ಕ್ಲ್ಯಾಂಪಿನ ಒಳಮೈಯನ್ನೂ ಲೋಹವು ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರಿನ ಒಂದು ತೊಟ್ಟೂ ಮನೆಗಳೊಳಕ್ಕೆ ಬೀಳದಂತೆ ನೋಡಿಕೊಳ್ಳತಕ್ಕದ್ದು.

4. ಸೆಲ್ಫ್ ತಿರುಗದಿರುವುದು

ಬ್ಯಾಟರಿಯು ತುಂಬಿದ್ದರೂ ಇಂಜಿನ್ ತಿರುಗದಿದ್ದರೆ ಮುಂದಿನ ದೊಡ್ಡ ದೀಪಗಳನ್ನು ಹೊತ್ತಿಸಿ ಕೀಲಿಯನ್ನು ತಿರುಗಿಸಬೇಕು. ದೀಪವು ಮೊದಲಿನಂತೆಯೇ ಉರಿಯುತ್ತಿದ್ದು ಸೆಲ್ಫಿನಲ್ಲಿ ಯಾವ ಶಬ್ದವೂ ಬಾರದಿದ್ದರೆ, ವಿದ್ಯುತ್ತು ಅಲ್ಲಿಗೆ ತಲಪುತ್ತಿಲ್ಲವೆಂದರ್ಥ. ಕೀಲಿಯ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು, ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ ಇವನ್ನು ಪರೀಕ್ಷೆಯ ದೀಪದಿಂದ ಒಂದೊಂದಾಗಿ ನೋಡಬೇಕು. ದೀಪವು ತೀರ ಮಂಕಾಗಿ ಸೆಲ್ಫ್ ಟಕ್ಕೆಂದು ಶಬ್ದ ಮಾಡಿ ನಿಂತರೆ, ದೋಷವು ಬ್ಯಾಟರಿಯಲ್ಲಿ ಅಥವಾ ದಪ್ಪ ತಂತಿಗಳ ಜೋಡಣೆಯಲ್ಲಿರುವ ಸಂಭವವೇ ಹೆಚ್ಚು.

ಈ ಎರಡನೆಯ ಸಂದರ್ಭದಲ್ಲಿ ಕೆಳಗಿನ ನಾಲ್ಕು ಅಳತೆಗಳಿಂದ ನಿಜಸ್ಥಿತಿಯು ಹೊರಬೀಳುವುದು. ಇಂಜಿನ್ ಹೊರಡದಂತೆ ನಿಲ್ಲಿಸುವ ಸರಿಗೆಯನ್ನು ಎಳೆದು ಹಿಡಿದು, ಒಬ್ಬನು ಪೀಠದ ಮೇಲೆ ಕುಳಿತು ಕೀಲಿಯನ್ನು ಹತ್ತು ಸೆಕೆಂಡುಗಳಿಗೆ ಮೀರದಂತೆ ತಿರುಗಿಸಬೇಕು. ಮತ್ತೊಬ್ಬನು ಚಕ್ರಗಳಿಂದಲೂ ಫ್ಯಾನಿನಿಂದಲೂ ದೂರವಿದ್ದು ಮೀಟರನ್ನು ನೋಡಬೇಕು. ಪ್ರತಿ ಸಾರಿಯ ಮಧ್ಯೆ ಒಂದೆರಡು ನಿಮಿಷ ಬಿಡಬೇಕು. ಇಲ್ಲದಿದ್ದರೆ ಸೆಲ್ಫ್ ಕಾಯುವುದು.

ಮೊದಲನೆಯದು, ಬ್ಯಾಟರಿಯ ಎರಡು ಧ್ರುವಗಳ ನಡುವೆ: 9.6 ವೋಲ್ಟುಗಳಿಗಿಂತ ಕೆಳಗೆ ಇಳಿಯಬಾರದು. ತುಂಬಿದ ಬ್ಯಾಟರಿಯು ಇಳಿದರೆ ಅದು ಬಲಗುಂದಿದೆ, ಇಲ್ಲವೆ ಸೆಲ್ಫ್ ಮಿತಿಮೀರಿ ಎಳೆಯುತ್ತಿದೆ.

ಎರಡನೆಯದು, ಸೀಸದ ಧ್ರುವಕ್ಕೂ ಅದನ್ನು ಹಿಡಿದಿರುವ ಕ್ಲ್ಯಾಂಪಿಗೂ ನಡುವೆ: ಮೀಟರು ಸೊನ್ನೆಯ ಸಮೀಪದಲ್ಲಿಯೇ ಇರಬೇಕು.

ಮೂರನೆಯದು, ಧನ ಧ್ರುವಕ್ಕೂ ಸೆಲ್ಫಿನ ದೊಡ್ಡ ಮೊಳೆಗೂ ನಡುವೆ: ಅರ್ಧ ವೋಲ್ಟಿಗೆ ಮೀರಬಾರದು.

ನಾಲ್ಕನೆಯದು, ಋಣ ಧ್ರುವಕ್ಕೂ ಇಂಜಿನ್ನಿನ ಶುಭ್ರವಾದ ಲೋಹದ ಭಾಗಕ್ಕೂ ನಡುವೆ: 0.3 ವೋಲ್ಟಿಗೆ ಮೀರಬಾರದು.

ಯಾವ ಅಳತೆಯು ಮೀರುವುದೋ ಆ ಭಾಗದಲ್ಲಿಯೇ ದೋಷವಿದೆ. ನಾಲ್ಕನೆಯದು ಮೀರಿದ್ದರೆ ಅರ್ಥಿಂಗ್ ತಂತಿಯು ಒಡಲಿಗೆ ಕೂಡುವ ಬೋಲ್ಟನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಕೆರೆದು, ಲೋಹಕ್ಕೆ ಲೋಹವು ತಗುಲುವಂತೆ ಬಿಗಿಯಬೇಕು. ತಂತಿಯ ಎಳೆಗಳು ಹಸಿರುಗಟ್ಟಿದ್ದರೆ ಅದೇ ದಪ್ಪದ ಹೊಸ ತಂತಿಯನ್ನು ಹಾಕಬೇಕು. ಈ ನಾಲ್ಕೂ ಸರಿಯಾಗಿದ್ದು ಸೆಲ್ಫ್ ನಿಧಾನವಾಗಿಯೇ ತಿರುಗಿದರೆ, ಆಗ ಮಾತ್ರ ಅದನ್ನು ಬಿಚ್ಚಿಸಿ ಕಾರ್ಬನ್ ಬ್ರಷ್ಷುಗಳನ್ನೂ ಬುಷ್ಷುಗಳನ್ನೂ ಬಲ್ಲ ಮೆಕ್ಯಾನಿಕ್ಕಿನಿಂದ ನೋಡಿಸುವುದು ಯುಕ್ತ.

5. ಬ್ಯಾಟರಿಯು ಚಾರ್ಜ್ ಆಗದಿರುವುದು

ಇಂಜಿನ್ ನಿಂತಿರುವಾಗ ಒಮ್ಮೆ, ನಡುವೇಗದಲ್ಲಿ ಓಡುತ್ತಿರುವಾಗ ಮತ್ತೊಮ್ಮೆ ಬ್ಯಾಟರಿಯ ವೋಲ್ಟನ್ನು ಅಳೆಯಬೇಕು. ಓಡುವಾಗ 13.8ರಿಂದ 14.5ರವರೆಗೆ ಬಂದರೆ ಚಾರ್ಜ್ ಸರಿಯಾಗಿದೆ. ಸ್ವಲ್ಪವೂ ಏರದಿದ್ದರೆ ಮೊದಲು ಫ್ಯಾನ್ ಬೆಲ್ಟನ್ನು ನೋಡಬೇಕು. ಇಂಜಿನ್ನನ್ನು ನಿಲ್ಲಿಸಿ ಬೆಲ್ಟಿನ ಮಧ್ಯಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಾಗುವುದು ಸರಿಯಾದ ಬಿಗಿ. ಅನಂತರ ಡೈನಮೋದ ಹಿಂಬದಿಯ ತಂತಿಗಳು ಸಡಿಲವಾಗಿವೆಯೇ ಎಂದು ನೋಡಿ, ಆಮೇಲೆ ಡೈನಮೋವನ್ನು ಸಂಶಯಿಸಬೇಕು. 15 ವೋಲ್ಟುಗಳನ್ನು ಮೀರಿದರೆ ರೆಗ್ಯುಲೇಟರು ಕೆಟ್ಟಿದೆ; ಬ್ಯಾಟರಿಯ ನೀರು ಮೇಲಿಂದ ಮೇಲೆ ಬತ್ತುವುದೂ ಬಲ್ಬುಗಳು ಪದೇ ಪದೇ ಸುಟ್ಟುಹೋಗುವುದೂ ಇದರ ಗುರುತುಗಳು.

ಬಹಳ ಹಳೆಯ ಟ್ರಾಕ್ಟರುಗಳಲ್ಲಿರುವ ಡೈನಮೋವು ಇಂಜಿನ್ ಮೆಲ್ಲಗೆ ಓಡುವಾಗ ಅತ್ಯಲ್ಪವನ್ನು ಕೊಡುವುದು. ಅನಂತರ ಬಂದ ಆಲ್ಟರ್ನೇಟರು ಕಡಿಮೆ ವೇಗದಲ್ಲಿಯೂ ಸಾಕಷ್ಟು ಕೊಡುವುದು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ತೆಗೆದು ಚಾರ್ಜನ್ನು ಪರೀಕ್ಷಿಸುವ ಪದ್ಧತಿಯನ್ನು ಬಿಡಬೇಕು. ಇದರಿಂದ ಆಲ್ಟರ್ನೇಟರಿನ ಡಯೋಡುಗಳು ಕ್ಷಣದಲ್ಲಿ ಹಾಳಾಗಬಹುದು. ಬ್ರಿಟಿಷ್ ಮಾದರಿಯ ಕೆಲವು ಹಳೆಯ ಟ್ರಾಕ್ಟರುಗಳಲ್ಲಿ, ಉದಾಹರಣೆಗೆ ಫರ್ಗುಸನ್ ಟಿ.ಇ. 20ರಲ್ಲಿ, ಈಗಿನ ಪದ್ಧತಿಗೆ ವಿರುದ್ಧವಾಗಿ ಧನ ಧ್ರುವವನ್ನೇ ಒಡಲಿಗೆ ಕೂಡಿಸುತ್ತಿದ್ದರು. ಅಂಥ ಯಂತ್ರವನ್ನು ಉಳಿಸಿಕೊಂಡಿರುವವರು ಹಳೆಯ ಬ್ಯಾಟರಿಯು ಹೇಗೆ ಕೂಡಿತ್ತೆಂಬುದನ್ನು ಗುರುತು ಮಾಡಿಕೊಂಡ ಹೊರತು ಹೊಸದನ್ನು ಕೂಡಿಸಬಾರದು.

6. ನಿಂತಲ್ಲಿಯೇ ಬರಿದಾಗುವುದು

ಸಂಜೆ ತುಂಬಿದ್ದ ಬ್ಯಾಟರಿಯು ನಾಲ್ಕಾರು ದಿನಗಳಲ್ಲಿ ತಾನಾಗಿ ಬರಿದಾದರೆ ಎಲ್ಲಿಯೋ ಸೋರಿಕೆಯಿದೆ. ಕೀಲಿಯನ್ನೂ ದೀಪಗಳನ್ನೂ ಆರಿಸಿ, ಅರ್ಥಿಂಗ್ ತಂತಿಯನ್ನು ತೆಗೆದು, ಆ ತಂತಿಗೂ ಧ್ರುವಕ್ಕೂ ನಡುವೆ ಮೊದಲು ಪರೀಕ್ಷೆಯ ದೀಪವನ್ನು ಕೂಡಿಸಿ ನೋಡಬೇಕು. ಅದು ಉರಿದರೆ ಸೋರಿಕೆಯು ದೊಡ್ಡದು. ಉರಿಯದಿದ್ದರೆ ಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿಟ್ಟು ಅಳೆಯಬೇಕು; ಆ ವೇಳೆಯಲ್ಲಿ ಕೀಲಿಯನ್ನು ಮುಟ್ಟಕೂಡದು. ಹಳೆಯ ಟ್ರಾಕ್ಟರಿನಲ್ಲಿ ಹರಿವು ಬಹುತೇಕ ಸೊನ್ನೆಯಾಗಿರಬೇಕು. ಅರ್ಧ ಆಂಪಿಯರು ಸೋರುತ್ತಿದ್ದರೆ ದಿನವೊಂದಕ್ಕೆ 12 ಆಂಪಿಯರ್ ಗಂಟೆಗಳು ಹೋಗಿ, 88 ಆಂಪಿಯರ್ ಗಂಟೆಗಳ ಬ್ಯಾಟರಿಯು ಸುಮಾರು ಒಂದು ವಾರದಲ್ಲಿ ಬರಿದಾಗುವುದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದರೆ, ಯಾವುದನ್ನು ತೆಗೆದಾಗ ಸೋರಿಕೆಯು ನಿಲ್ಲುವುದೋ ಆ ಸಾಲಿನಲ್ಲಿ ದೋಷವಿದೆ. ಯಾವುದಕ್ಕೂ ನಿಲ್ಲದಿದ್ದರೆ ಆಲ್ಟರ್ನೇಟರಿನ ತಂತಿಯನ್ನೂ, ಈಚೆಗೆ ಕೂಡಿಸಿದ ಹಾರ್ನು, ಹಾಡಿನ ಪೆಟ್ಟಿಗೆ ಮೊದಲಾದುವುಗಳ ತಂತಿಗಳನ್ನೂ ನೋಡಬೇಕು.

7. ದೀಪಗಳು ಮತ್ತು ಟ್ರೇಲರು

ವೋಲ್ಟು ಸ್ವಲ್ಪ ಇಳಿದರೂ ತಂತಿಬಲ್ಬಿನ ಬೆಳಕು ಬಹಳವಾಗಿ ಇಳಿಯುವುದು. ಹತ್ತರಲ್ಲೊಂದು ಪಾಲು ವೋಲ್ಟು ನಷ್ಟವಾದರೆ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ನಷ್ಟವಾಗುವುದು. ಆದುದರಿಂದ ದೀಪವು ಮಂಕಾಗಿದ್ದರೆ ಹೆಚ್ಚು ವಾಟಿನ ಬಲ್ಬನ್ನು ಹಾಕುವುದು ಪರಿಹಾರವಲ್ಲ. ಅದರಿಂದ ತಂತಿಯು ಮತ್ತಷ್ಟು ಕಾಯುವುದು. ಬಲ್ಬಿನ ಹಿಡಿಕೆಯ ತುಕ್ಕನ್ನು ಉಜ್ಜಿ, ದೀಪದ ಅರ್ಥಿಂಗನ್ನು ಸರಿಪಡಿಸಬೇಕು.

ಟ್ರೇಲರಿನ ದೀಪಗಳು ಮೇಲಿಂದ ಮೇಲೆ ಕೆಡುವುದಕ್ಕೆ ಒಂದು ವಿಶೇಷ ಕಾರಣವಿದೆ. ಅನೇಕ ಟ್ರೇಲರುಗಳಲ್ಲಿ ವಿದ್ಯುತ್ತು ಹಿಂದಿರುಗಲು ಕೊಕ್ಕೆ ಮತ್ತು ಪಿನ್ನಿನ ಹೊರತು ಬೇರೆ ಹಾದಿಯೇ ಇರುವುದಿಲ್ಲ. ಗ್ರೀಸು ಮೆತ್ತಿ, ತುಕ್ಕು ಹಿಡಿದು, ಹಳ್ಳತಿಟ್ಟುಗಳಲ್ಲಿ ಕುಲುಕುವ ಆ ಪಿನ್ನನ್ನು ನಂಬಲಾಗದು. ಎಡಬಲ ತೋರುವ ದೀಪವನ್ನು ಹಾಕಿದಾಗ ಕೆಂಪು ದೀಪವೂ ಕೂಡ ಮಿಣುಕುವುದು, ಬ್ರೇಕನ್ನು ಒತ್ತಿದರೆ ಎಲ್ಲವೂ ಮಂಕಾಗುವುದು, ಇವು ಅರ್ಥಿಂಗ್ ಕೆಟ್ಟಿರುವುದರ ನಿಶ್ಚಿತ ಲಕ್ಷಣಗಳು. ದೀಪದ ತಂತಿಗಳ ಜೊತೆಯಲ್ಲಿಯೇ ಅರ್ಥಿಂಗಿಗಾಗಿ ಪ್ರತ್ಯೇಕ ತಂತಿಯೊಂದನ್ನು ಟ್ರಾಕ್ಟರಿನಿಂದ ಟ್ರೇಲರಿನ ಪ್ರತಿಯೊಂದು ದೀಪಕ್ಕೂ ಎಳೆದರೆ ಈ ತೊಂದರೆಯು ಬೇರುಸಹಿತ ಹೋಗುವುದು. ಇದಕ್ಕೆ ಬೇಕಾದುದು ಕೆಲವು ಮೀಟರು ತಂತಿ ಮತ್ತು ಅರ್ಧ ದಿನದ ಕೆಲಸ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ರಸ್ತೆಯಲ್ಲಿರುವ ವಾಹನದ ದೀಪಗಳು ಉರಿಯುತ್ತಿರಬೇಕು. ದೀಪಗಳಲ್ಲದೆ ಬೆಳಕನ್ನು ಹಿಂದಿರುಗಿಸುವ ಕೆಂಪು ಪಟ್ಟಿಗಳನ್ನೂ ಟ್ರೇಲರಿನ ಹಿಂಬದಿಗೆ ಅಂಟಿಸತಕ್ಕದ್ದು. ತಂತಿ ಕಡಿದರೂ ಅವು ಕಾಯುವುವು. ಕಬ್ಬಿನ ಸೋಗೆಯು ಇಳಿಬಿದ್ದು ದೀಪವನ್ನಾಗಲಿ ಪಟ್ಟಿಯನ್ನಾಗಲಿ ಮುಚ್ಚದಂತೆ ನೋಡಿಕೊಳ್ಳುವುದೂ ಅವಶ್ಯ.

8. ಫ್ಯೂಸು ಮತ್ತು ಬೆಂಕಿ

ಫ್ಯೂಸು ಹೋದರೆ ಅದೇ ಆಂಪಿಯರಿನ ಫ್ಯೂಸನ್ನು ಹಾಕಬೇಕು. ದಪ್ಪ ತಂತಿಯನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ಸುತ್ತಿಡುವವನು ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಂತೆ ಮಾಡುವನು. ಹೊಸ ಫ್ಯೂಸೂ ಕೂಡಲೇ ಹೋದರೆ ತಂತಿಯು ಎಲ್ಲಿಯೋ ಒಡಲಿಗೆ ತಗುಲುತ್ತಿದೆ. ಕೊಟ್ಟಿಗೆಯಲ್ಲಿ ನಿಲ್ಲಿಸುವ ಟ್ರಾಕ್ಟರಿನ ತಂತಿಗಳನ್ನು ಇಲಿಗಳು ಕಡಿಯುವುದುಂಟು. ಹೊದಿಕೆಯಿಲ್ಲದ ತಂತಿಯ ಮೇಲೆ ಒಣಹುಲ್ಲು ಸೇರಿದ್ದರೆ ಒಂದು ಕಿಡಿ ಸಾಕು, ಟ್ರಾಕ್ಟರೂ ಬಣವೆಯೂ ಒಟ್ಟಿಗೆ ಉರಿಯುವುವು. ಕಣದ ಕೆಲಸಕ್ಕೆ ಮುಂಚೆ ತಂತಿಗಳ ಮೇಲಿನ ಹೊಟ್ಟು ಹುಲ್ಲನ್ನು ತೆಗೆದು, ಹೊದಿಕೆಯು ಹರಿದಿರುವ ಕಡೆ ಟೇಪು ಸುತ್ತಿ, ತಂತಿಯು ಚೂಪಾದ ಅಂಚಿಗೆ ಉಜ್ಜದಂತೆ ಕಟ್ಟಬೇಕು.

ಸಾರಾಂಶ

ತಿಂಗಳಿಗೊಮ್ಮೆ ಬ್ಯಾಟರಿಯ ನೀರು, ಧ್ರುವಗಳ ಶುಭ್ರತೆ, ಬೆಲ್ಟಿನ ಬಿಗಿ, ನಿಂತಾಗ ಮತ್ತು ಓಡುವಾಗ ಬರುವ ವೋಲ್ಟು, ಇಷ್ಟನ್ನು ನೋಡಿ ದಿನಾಂಕಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಂಕಿಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಟ್ರಾಕ್ಟರು ದಾರಿಯಲ್ಲಿ ನಿಲ್ಲುವ ಮೊದಲೇ ದೋಷವು ತಿಳಿಯುವುದು. ಮೆಕ್ಯಾನಿಕ್ಕನ್ನು ಕರೆಯಬೇಕಾಗಿ ಬಂದರೂ ಈ ಅಂಕಿಗಳನ್ನು ಮುಂದಿಟ್ಟರೆ ಅವನ ಕೆಲಸವು ಸುಲಭವಾಗುವುದು, ಅನಾವಶ್ಯಕವಾಗಿ ಭಾಗಗಳನ್ನು ಬದಲಾಯಿಸುವ ವೆಚ್ಚವೂ ತಪ್ಪುವುದು.

ಊರ ಮುಖಂಡರಿಂದ ಮತ್ತೊಂದು ಉಪಕಾರವಾಗಬಹುದು. ಪ್ರತಿ ವರ್ಷವೂ ಕಬ್ಬು ಅರೆಯುವ ಕಾಲವು ಪ್ರಾರಂಭವಾಗುವ ಮುನ್ನ ಒಂದು ಸಂಜೆ ಗ್ರಾಮದ ಟ್ರಾಕ್ಟರುಗಳನ್ನು ಟ್ರೇಲರುಗಳ ಸಹಿತ ಒಂದೆಡೆ ಸೇರಿಸಿ, ಕತ್ತಲಾದ ಮೇಲೆ ಎಲ್ಲ ದೀಪಗಳನ್ನು ಹೊತ್ತಿಸಿ, ನೂರು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು ನೋಡಬೇಕು. ಯಾವ ಹೊರೆಯು ಅಲ್ಲಿಂದ ಕಾಣುವುದಿಲ್ಲವೋ ಅದು ರಸ್ತೆಗೆ ಇಳಿಯಲು ಯೋಗ್ಯವಲ್ಲ. ಅದನ್ನು ಸರಿಪಡಿಸುವ ತನಕ ಹಗಲಿನಲ್ಲಿ ಮಾತ್ರ ಸಾಗಿಸುವಂತೆ ಯಜಮಾನರು ಏರ್ಪಾಡು ಮಾಡತಕ್ಕದ್ದು.